ನಮ್ಮ ಮಾರಿಯೋ ನಿಧಾನಕ್ಕೆ ಓಡುತ್ತಿದ್ದ

ತೊಂಬತ್ತರ ದಶಕದಲ್ಲಿ ಮೈಸೂರಿನ ಲಷ್ಕರ್ ಮೊಹಲ್ಲಾದ ಮನೆಗಳಲ್ಲಿ ಓಡಿದ ಮಾರಿಯೋ ಟೋಕಿಯೋದ ಮಾರಿಯೋಗಿಂತ ನಿಧಾನಕ್ಕೆ ಓಡುತ್ತಿದ್ದ. ಅಲ್ಲಿ ಐದು ಸೆಕೆಂಡಿನಲ್ಲಿ ದಾಟುತ್ತಿದ್ದ ದೂರಕ್ಕೆ ಇಲ್ಲಿ ಆರು ಸೆಕೆಂಡು ಬೇಕಾಗುತ್ತಿತ್ತು. ಹಿನ್ನೆಲೆಯ ಸಂಗೀತದ ಕತೆಯೂ ಅದೇ. ಶ್ರುತಿ ಹೆಚ್ಚುಕಡಿಮೆ ಒಂದೇ, ಲಯ ಮಾತ್ರ ಇಳಿದದ್ದು. ಅಶೋಕ ರಸ್ತೆಯ ಆಚೀಚಿನ ಓಣಿಗಳಲ್ಲಿ ಆ ಆಟ ಆಡಿ ಬೆಳೆದವರು ಇವತ್ತು ಯೂಟ್ಯೂಬಿನಲ್ಲಿ ಅದರ ವಿಡಿಯೋ ನೋಡಿ ‘ಇವನ್ಯಾಕೆ ಇಷ್ಟು ಅವಸರದಲ್ಲಿದ್ದಾನೆ’ ಅಂದುಕೊಂಡರೆ ಅದು ಭ್ರಮೆಯಲ್ಲ. ಅವರ ನೆನಪು ಸರಿಯಾಗಿಯೇ ಇದೆ. ಯೂಟ್ಯೂಬಿನಲ್ಲಿರುವುದು ಬೇರೆ ಊರಿನ ಮಾರಿಯೋ.

1983ರ ಜುಲೈ 15ರಂದು ನಿಂಟೆಂಡೋ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆಯನ್ನು ಮಾರಾಟಕ್ಕೆ ಬಿಟ್ಟಿತು. ‘ಸೂಪರ್ ಮಾರಿಯೋ ಬ್ರದರ್ಸ್’ ಬಂದದ್ದು 1985ರ ಸೆಪ್ಟೆಂಬರಿನಲ್ಲಿ. ಜಪಾನಿನ ಟಿವಿಗಳು ಎನ್‌ಟಿಎಸ್‌ಸಿ ಪದ್ಧತಿಯವು. ಸೆಕೆಂಡಿಗೆ ಸುಮಾರು 60 ಸಲ ತೆರೆಯನ್ನು ಮೇಲಿಂದ ಕೆಳಕ್ಕೆ ಬರೆಯುತ್ತವೆ. ಆಟ ಬರೆದವರು ಅದನ್ನೇ ಗಡಿಯಾರ ಮಾಡಿಕೊಂಡಿದ್ದರು: ತೆರೆ ಒಂದು ಸಲ ಬರೆದರೆ ಮಾರಿಯೋ ಇಷ್ಟು ಸರಿಯಬೇಕು, ರಾಗ ಇಷ್ಟು ಮುಂದೆ ಹೋಗಬೇಕು. ನಮ್ಮ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ಆರಿಸಿಕೊಂಡದ್ದು ಪಾಲ್ ಪದ್ಧತಿ. ಇದರಲ್ಲಿ ತೆರೆ ಬರೆಯುವುದು ಸೆಕೆಂಡಿಗೆ 50 ಸಲ. ಆಟ ಅದೇ, ಗಡಿಯಾರ ಬೇರೆ.

ಯುರೋಪಿನಲ್ಲೂ ಪಾಲ್ ಇತ್ತಲ್ಲ ಎಂದು ಕೇಳಬಹುದು. ಇತ್ತು. ಆದರೆ ಅಲ್ಲಿಗೆ ನಿಂಟೆಂಡೋ ತಾನೇ ತಯಾರಿಸಿ ಕಳಿಸಿದ ಪೆಟ್ಟಿಗೆಯ ಪ್ರೊಸೆಸರು ಸುಮಾರು 1.66 ಮೆಗಾಹರ್ಟ್ಸ್ ವೇಗದ್ದು, ಜಪಾನಿನದು 1.79. ಈ ಪೆಟ್ಟಿಗೆಯಲ್ಲಿ ಧ್ವನಿ ಹುಟ್ಟುವುದು ಪ್ರೊಸೆಸರಿನ ಲೆಕ್ಕದಲ್ಲೇ. ಹಾಗಾಗಿ ಜಪಾನಿನ ರಾಗ ಅಲ್ಲಿ ನುಡಿದರೆ ಅರ್ಧ ಸ್ವರಕ್ಕಿಂತ ಹೆಚ್ಚೇ ಇಳಿದು ಕೇಳಿಸುತ್ತದೆ. ಕೆಲವು ಆಟಗಳನ್ನು, ಮಾರಿಯೋವನ್ನೂ ಸೇರಿಸಿ, ಕಂಪನಿಯೇ ಯುರೋಪಿಗೆಂದು ತಿದ್ದಿ ಕೊಟ್ಟಿತು. ನಮಗೆ ಸಿಕ್ಕಿದ್ದು ಆ ದಾರಿಯಲ್ಲಲ್ಲ. ಲಿಟಲ್ ಮಾಸ್ಟರ್, ಹೆಸರೇ ಇಲ್ಲದ ಇನ್ನೆಷ್ಟೋ ಪೆಟ್ಟಿಗೆಗಳು. ಇವು ಫ್ಯಾಮಿಕಾಮಿನ ತದ್ರೂಪುಗಳು. ಇಂಥವಕ್ಕೆ ತೈವಾನಿನ ಯುಎಂಸಿ ಕಂಪನಿಯ ಚಿಪ್ಪುಗಳು ಪ್ರಸಿದ್ಧ. ಜಪಾನಿನ ಕ್ಯಾಸೆಟ್ಟುಗಳೇ ಪಾಲ್ ಟಿವಿಯಲ್ಲಿ ಓಡಬೇಕೆಂದು ಆ ಎಂಜಿನಿಯರುಗಳು ಪ್ರೊಸೆಸರನ್ನು 1.77 ಮೆಗಾಹರ್ಟ್ಸ್‌ನಲ್ಲಿ ಇಟ್ಟರು. ಅದರಿಂದಲೇ ಶ್ರುತಿ ಉಳಿಯಿತು. ತೆರೆಯ ಲೆಕ್ಕ 50ಕ್ಕೆ ಇಳಿದದ್ದರಿಂದ ಲಯ ಇಳಿಯಿತು. ಇಂಥ ಹಲವು ತದ್ರೂಪುಗಳಲ್ಲಿ ಧ್ವನಿ ಹುಟ್ಟಿಸುವ ಭಾಗದ ಎರಡು ಬಗೆಯ ಅಲೆಗಳು ಅದಲುಬದಲಾಗಿದ್ದವು. ಸ್ವರದ ಬಣ್ಣವೇ ಬೇರೆ ಕೇಳುತ್ತಿತ್ತು.

ಅಂದರೆ ಲೋಕದಲ್ಲಿ ಮಾರಿಯೋ ಒಬ್ಬನಲ್ಲ. ಜಪಾನು–ಅಮೆರಿಕದವನೊಬ್ಬ, ಯುರೋಪಿನವನೊಬ್ಬ, ನಮ್ಮಂಥ ಊರುಗಳವನು ಮತ್ತೊಬ್ಬ. ಮೊದಲಿಬ್ಬರನ್ನು ಅಲ್ಲಿಯವರು ಚೊಕ್ಕವಾಗಿ ದಾಖಲಿಸಿಟ್ಟಿದ್ದಾರೆ. ಮೂರನೆಯವನು ಕಂಪನಿಯ ಚರಿತ್ರೆಗೆ ಸೇರುವುದಿಲ್ಲ, ಯಾಕೆಂದರೆ ಅವನು ಬಂದದ್ದು ಕಳ್ಳದಾರಿಯಲ್ಲಿ. ಅವನು ನಮ್ಮ ಅಟ್ಟಗಳ ಮೇಲೆ, ಹಳದಿಗಟ್ಟಿದ ಪ್ಲಾಸ್ಟಿಕ್ಕಿನೊಳಗೆ ಇದ್ದಾನೆ. ಅವನನ್ನು ದಾಖಲಿಸಬೇಕಾದವರು ನಾವೇ.

ಒಂದು ವೈರಿನೊಳಗಿನ ಟಿವಿ ಕೇಂದ್ರ

ಸೇಂಟ್ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳಿಂದ ದೊಡ್ಡ ಗಡಿಯಾರದ ಕಡೆಗೆ ಅಶೋಕ ರಸ್ತೆಯಲ್ಲಿ ನಡೆದರೆ ಎಡಬಲಕ್ಕೆ ಸಿಗುವ ಓಣಿಗಳಲ್ಲಿ ಮನೆಗೆ ಮನೆ ತಗುಲಿಕೊಂಡಿದೆ. ಒಂದು ಮನೆಯಲ್ಲಿ ಟಿವಿ ಗೇಮ್ ಇದ್ದರೆ ಓಣಿಯ ಮಕ್ಕಳೆಲ್ಲ ಅಲ್ಲೇ. ಉರ್ದು, ಕನ್ನಡ, ತಮಿಳು ಮೂರೂ ಬೆರೆತ ಗಲಾಟೆ. ಯಾರ ‘ಚಾನ್ಸು’ ಮುಗಿಯಿತು ಎಂಬ ಜಗಳ. ದುಡ್ಡಿದ್ದವರು ಕೊಂಡರು, ಇಲ್ಲದವರು ಗಂಟೆಯ ಲೆಕ್ಕದಲ್ಲಿ ಅಂಗಡಿಗೆ ಹೋಗಿ ಆಡಿದರು. ‘ಕಾಂಟ್ರಾ’ ಆಟದಲ್ಲಿ ಮೂವತ್ತು ಜೀವ ಸಿಗುವ ಗುಟ್ಟು ಶಾಲೆಯಿಂದ ಶಾಲೆಗೆ ಬಾಯಿಮಾತಿನಲ್ಲೇ ಹಬ್ಬಿತು.

ಆ ಪೆಟ್ಟಿಗೆಯನ್ನು ಟಿವಿಗೆ ಜೋಡಿಸುತ್ತಿದ್ದದ್ದು ಆಂಟೆನಾ ಸಿಕ್ಕಿಸುವ ತೂತಿಗೆ. ಪೆಟ್ಟಿಗೆಯೊಳಗೆ ತಗಡಿನ ಸಣ್ಣ ಡಬ್ಬಿಯೊಂದಿತ್ತು, ಆರ್‌ಎಫ್ ಮಾಡ್ಯುಲೇಟರ್. ಆಟದ ಚಿತ್ರವನ್ನು ಟಿವಿ ಚಾನೆಲ್ಲೊಂದರ ತರಂಗದ ಮೇಲೆ ಕೂರಿಸಿ ಕಳಿಸುವುದು ಅದರ ಕೆಲಸ. ಮೈಸೂರಿಗೆ ಇದು ಹೊಸ ವಿದ್ಯೆಯೇನಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ ಊರು ಇದು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮಾಡ್ಯುಲೇಟರೂ ಒಂದು ಪ್ರಸಾರ ಕೇಂದ್ರವೇ, ಅದರ ಆಕಾಶ ಒಂದೇ ವೈರು. ಟಿವಿಯ ಗುಂಡಿ ತಿರುಗಿಸಿ ತಿರುಗಿಸಿ, ಮಸುಕು ಮಳೆಯ ನಡುವೆ ಆಟದ ಮೆನು ಕಾಣುವ ತನಕ ಹುಡುಕಬೇಕಾಗಿತ್ತು. ಆಮೇಲೆ ಎವಿ ಪಿನ್ನು ಬಂತು. ಹಳದಿ ಚಿತ್ರಕ್ಕೆ, ಬಿಳಿ ಧ್ವನಿಗೆ.

ಈ ಹಳದಿ ಪಿನ್ನಿನಲ್ಲಿ ಹರಿಯುವುದಕ್ಕೆ ಕಾಂಪೊಸಿಟ್ ವಿಡಿಯೋ ಎಂದು ಹೆಸರು. ಚಿತ್ರದ ಬೆಳಕು–ಕತ್ತಲೆಯ ವಿವರ, ಬಣ್ಣದ ವಿವರ, ಗೆರೆ ಎಲ್ಲಿ ಶುರು ಎಂದು ಹೇಳುವ ಸಿಂಕ್ ಸಂಜ್ಞೆ, ಮೂರೂ ಒಂದೇ ತಂತಿಯಲ್ಲಿ. ಪಾಲ್ ಪದ್ಧತಿಯಲ್ಲಿ ಬಣ್ಣವನ್ನು 4.43 ಮೆಗಾಹರ್ಟ್ಸ್‌ನ ಒಂದು ಅಲೆಯ ಮೇಲೆ ಕೂರಿಸಿ ಬೆಳಕಿನ ಸಿಗ್ನಲ್ಲಿನೊಳಗೇ ಸೇರಿಸುತ್ತಾರೆ. ಅನ್ನ, ಸಾರು, ಮಜ್ಜಿಗೆ ಕಲಸಿ ಕೊಟ್ಟು, ಈಗ ಮೂರನ್ನೂ ಬೇರೆ ಮಾಡು ಅಂದಂತೆ. ಟಿವಿ ಆದಷ್ಟು ಬೇರೆ ಮಾಡುತ್ತದೆ, ಪೂರ್ತಿ ಆಗುವುದಿಲ್ಲ. ಬೆಳಕಿನ ಸೂಕ್ಷ್ಮ ವಿವರವನ್ನೇ ಬಣ್ಣವೆಂದು ತಿಳಿದು ಕಾಮನಬಿಲ್ಲಿನ ಪಟ್ಟೆ ಮೂಡಿಸುತ್ತದೆ. ಬಣ್ಣವನ್ನು ಬೆಳಕೆಂದು ತಿಳಿದು ಕೆಂಪು–ನೀಲಿ ಅಂಚುಗಳಲ್ಲಿ ಇರುವೆ ಸಾಲಿನಂಥ ಚುಕ್ಕಿಗಳನ್ನು ಹರಿಸುತ್ತದೆ. ಇದೆಲ್ಲ ಟಿವಿಯ ದೋಷವಲ್ಲ, ತಂತಿಯ ಒಪ್ಪಂದ.

ಹೊಸ ಟಿವಿ ಯಾಕೆ ಒಪ್ಪುವುದಿಲ್ಲ

ಮೊಹಲ್ಲಾದ ಗೆಳೆಯರೊಬ್ಬರ ಮನೆಯ ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದಾಗ ಅವರು ಹಿಂದೆ ಮುಂದೆ ತಿರುಗಿಸಿ ನೋಡಿ ಅಂದದ್ದು ಇಷ್ಟು: “ಸಾರ್, ಟ್ಯೂಬ್ ಟಿವಿ ಇದ್ರೆ ತನ್ನಿ. ಈ ಎಲ್‌ಇಡಿಗೆ ಹಾಕಿದ್ರೆ ಬರುತ್ತೆ, ಆದ್ರೆ ಸರಿಯಾಗಿ ಬರಲ್ಲ.” ಈ ಮಾತಿನಲ್ಲಿ ವಿಷಯದ ತಿರುಳೇ ಇದೆ.

ದೂರದರ್ಶನದ ಚಿತ್ರ 625 ಗೆರೆಗಳದ್ದು. ಆದರೆ ಎಲ್ಲವನ್ನೂ ಒಟ್ಟಿಗೆ ಬರೆಯುವುದಿಲ್ಲ. ಮೊದಲು ಬೆಸ ಗೆರೆಗಳು, ಮುಂದಿನ ಸುತ್ತಿನಲ್ಲಿ ಸಮ ಗೆರೆಗಳು. ಇದು ಇಂಟರ್‌ಲೇಸ್. ಆಟದ ಪೆಟ್ಟಿಗೆಗಳು ಇಲ್ಲಿ ಒಂದು ಜಾಣತನ ಮಾಡಿದವು. ಸುತ್ತಿಗೆ 312.5 ಗೆರೆಯ ಬದಲು ಸರಿಯಾಗಿ 312 ಗೆರೆ ಕಳಿಸಿದವು. ಅರ್ಧ ಗೆರೆ ತಪ್ಪಿದ್ದರಿಂದ ಎರಡೂ ಸುತ್ತು ಒಂದರ ಮೇಲೊಂದು ಬಿದ್ದವು. ನಡುನಡುವೆ ಕಪ್ಪು ಗೆರೆ ಉಳಿಯಿತು, ಚಿತ್ರ ಮಾತ್ರ ನಡುಗದೆ ನಿಂತಿತು, ಪ್ರತಿ ಸುತ್ತೂ ಒಂದು ಪೂರ್ತಿ ಚಿತ್ರವಾಯಿತು. ಪಿಕ್ಚರ್ ಟ್ಯೂಬಿಗೆ ಇದು ಗೊತ್ತೂ ಆಗುವುದಿಲ್ಲ. ಸಿಗ್ನಲ್ ಹೇಳಿದ ಹಾಗೆ ಅದರ ಕಿರಣ ಓಡುತ್ತದೆ.

ಎಲ್‌ಇಡಿ ಟಿವಿ ಹಾಗಲ್ಲ. ಬಂದ ಸಿಗ್ನಲ್ಲನ್ನು ಮೊದಲು ತನ್ನ ನೆನಪಿಗೆ ತುಂಬಿಕೊಂಡು, ಇದು ಇಂಟರ್‌ಲೇಸ್ ಆಗಿರಲೇಬೇಕು ಎಂದು ಊಹಿಸಿ, ಎರಡು ಸುತ್ತಿನ ಚಿತ್ರಗಳನ್ನು ಹೆಣೆದು ಒಂದು ಮಾಡುತ್ತದೆ. ಆಟದಲ್ಲಿ ಆ ಎರಡೂ ಬೇರೆ ಬೇರೆ ಕ್ಷಣದ ಪೂರ್ತಿ ಚಿತ್ರಗಳು. ಓಡುವ ಮಾರಿಯೋನ ಅಂಚು ಬಾಚಣಿಗೆಯ ಹಲ್ಲಾಗುತ್ತದೆ. ಪೆಟ್ಟು ತಿಂದಾಗ ಮಿನುಗಬೇಕಾದವನು ಮಿನುಗುವುದಿಲ್ಲ, ಇಲ್ಲವೇ ಮಾಯವಾಗಿಬಿಡುತ್ತಾನೆ. ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ಈ ಪೆಟ್ಟಿಗೆ ತೋರಿಸಲಾರದು. ಹಾಗಾಗಿ ಆಟ ಬರೆದವರು ಅವನ್ನು ಸರದಿಯಲ್ಲಿ ಮಿನುಗಿಸುತ್ತಿದ್ದರು. ಅರ್ಧ ಚಿತ್ರ ಬಿಟ್ಟುಬಿಡುವ ಯಂತ್ರಕ್ಕೆ ಆ ಸರದಿಯ ಅರ್ಧ ಕಾಣಿಸುವುದೇ ಇಲ್ಲ. ಇದರ ಮೇಲೆ ವಿಳಂಬ ಬೇರೆ. ಗುಂಡಿ ಒತ್ತಿದ್ದಕ್ಕೂ ನೆಗೆದದ್ದಕ್ಕೂ ನಡುವೆ ಕೈಗೆ ಗೊತ್ತಾಗುವಷ್ಟು ತಡ. ‘ಡಕ್ ಹಂಟ್’ ಬಂದೂಕು ಎಲ್‌ಇಡಿ ಮುಂದೆ ಕೆಲಸವನ್ನೇ ಮಾಡದು, ಯಾಕೆಂದರೆ ಟ್ಯೂಬಿನ ಕಿರಣ ತೆರೆಯ ಮೇಲೆ ಆ ಕ್ಷಣಕ್ಕೆ ಹಚ್ಚುವ ಬೆಳಕನ್ನೇ ಅದು ಕಾಯುತ್ತಿರುತ್ತದೆ.

ವಿಡಿಯೋ ಹಿಡಿಯಲು ಜನ ಮೊದಲು ಕೊಳ್ಳುವ ಅಗ್ಗದ ಯುಎಸ್‌ಬಿ ಕಡ್ಡಿಯೂ, ಎಲ್ಲರೂ ಈಜಿಕ್ಯಾಪ್ ಎನ್ನುವುದು, ಇದೇ ತಪ್ಪು ಮಾಡುತ್ತದೆ. ಮದುವೆ ಕ್ಯಾಸೆಟ್ಟಿಗೆ ಅದು ಸಾಲುತ್ತದೆ. ಆಟದ ದಾಖಲೆಗೆ ಸಾಲುವುದಿಲ್ಲ.

ತಂತಿಗಳ ಮೆಟ್ಟಿಲು

ಒಂದೇ ತಂತಿಯಲ್ಲಿ ಎಲ್ಲ ಬೆರೆಸುವುದರಿಂದ ಮೇಲಕ್ಕೆ ಮೆಟ್ಟಿಲುಗಳಿವೆ. ಬೆಳಕನ್ನೂ ಬಣ್ಣವನ್ನೂ ಎರಡು ತಂತಿಗೆ ಹಾಕಿದರೆ ಎಸ್-ವಿಡಿಯೋ, ನಾಲ್ಕು ಪಿನ್ನಿನ ಸಣ್ಣ ದುಂಡು ಜಾಕು. ಬಣ್ಣವನ್ನೂ ಎರಡಾಗಿ ಒಡೆದು ಮೂರು ತಂತಿ ಮಾಡಿದರೆ ಕಾಂಪೊನೆಂಟ್. 2000ದ ನಂತರ ನಮ್ಮಲ್ಲಿ ಬಂದ ದೊಡ್ಡ ಟ್ಯೂಬ್ ಟಿವಿಗಳ ಬೆನ್ನಲ್ಲಿ ಕಾಣುವ ಹಸಿರು, ನೀಲಿ, ಕೆಂಪು ತೂತುಗಳು ಇವೇ. ಪೆಟ್ಟಿಗೆಯೊಳಗೆ ಹುಟ್ಟಿದ ಕೆಂಪು, ಹಸಿರು, ನೀಲಿಯನ್ನು ಹಾಗೇ ಬೇರೆ ಬೇರೆ ತಂತಿಯಲ್ಲಿ ತಂದರೆ ಆರ್‌ಜಿಬಿ. ಅದಕ್ಕೆ ಮೇಲೆ ಅನಲಾಗಿನಲ್ಲಿ ಮೆಟ್ಟಿಲಿಲ್ಲ.

ಯಾವ ಪೆಟ್ಟಿಗೆ ಎಷ್ಟು ಮೆಟ್ಟಿಲು ಹತ್ತುತ್ತದೆ ಎಂಬುದು ಅದರ ಒಳಗಿನ ಚಿಪ್ಪಿಗೆ ಬಿಟ್ಟದ್ದು. ಸೆಗಾ ಮೆಗಾ ಡ್ರೈವ್ ಆರ್‌ಜಿಬಿಯನ್ನು ತನ್ನ ಹಿಂದಿನ ದುಂಡು ಜಾಕಿನಲ್ಲೇ ಕೊಡುತ್ತದೆ. 1995ರಲ್ಲಿ ಶಾ ವಾಲೇಸ್ ಕಂಪನಿ ಇದನ್ನು ಭಾರತದಲ್ಲಿ ಮಾರತೊಡಗಿತು, ಬೆಲೆ 18,000 ರೂಪಾಯಿ. ಆ ಕಾಲಕ್ಕೆ ಓಣಿಯ ಮನೆಗಳು ಯೋಚಿಸಲಾರದ ಮೊತ್ತ. ಮೊದಲ ಪ್ಲೇಸ್ಟೇಷನ್ ಆರ್‌ಜಿಬಿ ಕೊಡುತ್ತದೆ. ಪ್ಲೇಸ್ಟೇಷನ್ 2ರಲ್ಲಿ ಕಾಂಪೊನೆಂಟೂ ಇದೆ. ನಮ್ಮೂರಿನ ಬಹಳ ಮನೆಗಳಲ್ಲಿ ಇನ್ನೂ ಇರುವ ಪೆಟ್ಟಿಗೆ ಅದು. ಒಳ್ಳೆಯ ಕಾಂಪೊನೆಂಟ್ ಕೇಬಲ್ ಹಾಕಿದರೆ ಹಳದಿ ಪಿನ್ನಿಗೂ ಅದಕ್ಕೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತದೆ. ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಸಿಗುವುದು ಇಲ್ಲಿಯೇ.

ಆರ್‌ಜಿಬಿಗೆ ಯುರೋಪಿನವರು ಬಳಸಿದ್ದು ಸ್ಕಾರ್ಟ್ ಎಂಬ 21 ಪಿನ್ನಿನ ಅಗಲ ಪ್ಲಗ್ಗು. ಭಾರತದಲ್ಲಿ ಅದು ಹೆಚ್ಚು ಹಬ್ಬಲಿಲ್ಲ. ಹಾಗಾಗಿ ನಮ್ಮವರು ಕೇಬಲ್ಲನ್ನು ಹೊರದೇಶದಿಂದ ತರಿಸುತ್ತಾರೆ, ಅಲ್ಲೊಂದು ಅಪಾಯವಿದೆ. ಜಪಾನಿನಲ್ಲೂ 21 ಪಿನ್ನಿನ ಇದೇ ಆಕಾರದ ಪ್ಲಗ್ಗಿದೆ, ಪಿನ್ನುಗಳ ಜೋಡಣೆ ಮಾತ್ರ ಪೂರ್ತಿ ಬೇರೆ. ನೋಡಲು ಒಂದೇ ಥರ ಇರುವುದರಿಂದ ಅದಕ್ಕಿದು ಸಿಕ್ಕಿಸಿ ಯಂತ್ರ ಸುಟ್ಟುಕೊಳ್ಳಬಹುದು. ಕೊಳ್ಳುವಾಗ ಯಾವ ಜೋಡಣೆ ಎಂದು ಕೇಳಿಯೇ ಕೊಳ್ಳಬೇಕು. ಇನ್ನೊಂದು ಸಣ್ಣ ವಿಷಯಕ್ಕೆ ದೊಡ್ಡ ಪರಿಣಾಮವಿದೆ. ಈ ಎಲ್ಲ ತಂತಿಗಳೂ 75 ಓಮ್ ಲೆಕ್ಕದವು. ಸಿಗ್ನಲ್ ಹೋಗಿ ಸೇರುವ ಕಡೆ 75 ಓಮಿನ ತಡೆ ಒಂದೇ ಒಂದು ಇರಬೇಕು. ಇಲ್ಲದಿದ್ದರೆ ಚಿತ್ರ ಬೆಳ್ಳಗೆ ಉರಿಯುತ್ತದೆ, ಎರಡಿದ್ದರೆ ಮಂಕಾಗುತ್ತದೆ. ಒಂದೇ ಸಿಗ್ನಲ್ಲನ್ನು ವೈ ಪಿನ್ ಹಾಕಿ ಟಿವಿಗೂ ರೆಕಾರ್ಡರಿಗೂ ಹಂಚಿದವರು ‘ಬ್ರೈಟ್‌ನೆಸ್ ಹೋಯ್ತು’ ಅನ್ನುವುದು ಇದಕ್ಕೇ.

ಈ ಸಿಗ್ನಲ್ಲನ್ನು ಎಚ್‌ಡಿಎಂಐಗೆ ತಿರುಗಿಸಲು ಕಳೆದ ಹದಿನೈದು ವರ್ಷಗಳಲ್ಲಿ ಒಳ್ಳೆಯ ಯಂತ್ರಗಳು ಬಂದಿವೆ. ಜಪಾನಿನ ಮೈಕಾಮ್‌ಸಾಫ್ಟ್ ಮಾಡಿದ ಫ್ರೇಮೈಸ್ಟರ್ ದಾರಿ ತೋರಿಸಿತು. ಫಿನ್ಲೆಂಡಿನ ಮಾರ್ಕುಸ್ ಹಿಯೆನ್‌ಕರಿ ರೂಪಿಸಿದ ಒಎಸ್‌ಎಸ್‌ಸಿ, ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟ ಯಂತ್ರ. ಚಿತ್ರವನ್ನು ನೆನಪಿಗೆ ತುಂಬಿಕೊಳ್ಳದೆ ಬಂದ ಗೆರೆಯನ್ನು ಬಂದ ಹಾಗೇ ಎರಡು, ಮೂರು, ಐದು ಪಟ್ಟು ಮಾಡಿ ಕಳಿಸುತ್ತದೆ, ಹಾಗಾಗಿ ತಡವೇ ಇಲ್ಲ. ಅಮೆರಿಕದ ಮೈಕ್ ಚಿ ಅವರ ರೆಟ್ರೋಟಿಂಕ್ ಸಾಲಿನ ಯಂತ್ರಗಳು ಇನ್ನೂ ಮುಂದೆ ಹೋಗಿವೆ, ಬೆಲೆಯೂ ಮುಂದೆ ಹೋಗಿದೆ. ಕೈ ಕಚ್ಚದ ದಾರಿ ಬೇಕೆಂದರೆ ಜಿಬಿಎಸ್ 8200 ಎಂಬ ಹಳೆಯ ಆರ್ಕೇಡ್ ಬೋರ್ಡು ಕೊಂಡು, ಅದಕ್ಕೆ ಇಎಸ್‌ಪಿ 8266 ಎಂಬ ಸಣ್ಣ ವೈಫೈ ಬೋರ್ಡನ್ನು ಬೆಸುಗೆ ಹಾಕಿ, ಜಿಬಿಎಸ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ತುಂಬಬಹುದು. ಸೋಲ್ಡರಿಂಗ್ ಕಬ್ಬಿಣ ಹಿಡಿಯಬಲ್ಲ ಡಿಪ್ಲೊಮಾ ವಿದ್ಯಾರ್ಥಿಗೆ ಅದು ಒಂದು ಭಾನುವಾರದ ಕೆಲಸ. ಆರ್‌ಜಿಬಿ, ಕಾಂಪೊನೆಂಟ್ ಕೊಡುವ ಪೆಟ್ಟಿಗೆಗಳಾದರೆ ನಮ್ಮ ಊರುಗಳಿಗೆ ನಾನು ಶಿಫಾರಸು ಮಾಡುವುದು ಇದನ್ನೇ.

ಆದರೆ ಆರ್‌ಜಿಬಿ ಅಂದರೆ ಸತ್ಯ, ಕಾಂಪೊಸಿಟ್ ಅಂದರೆ ಸುಳ್ಳು ಎಂದು ತೀರ್ಮಾನಿಸುವವರ ಜೊತೆ ನನಗೆ ಜಗಳವಿದೆ. 1991ರ ‘ಸೋನಿಕ್’ ಆಟದಲ್ಲಿ ಒಂದು ಜಲಪಾತವಿದೆ. ಅದನ್ನು ಒಂದು ಗೆರೆ ನೀರು, ಒಂದು ಗೆರೆ ಖಾಲಿ, ಹೀಗೆ ಉದ್ದುದ್ದ ಪಟ್ಟೆಗಳಲ್ಲಿ ಬರೆದಿದ್ದಾರೆ. ಕಾಂಪೊಸಿಟ್‌ನಲ್ಲಿ ಆ ಪಟ್ಟೆಗಳು ಒಂದರೊಳಗೊಂದು ಕರಗಿ ಹಿಂದಿನ ಬಂಡೆ ಕಾಣುವ ತೆಳು ನೀರಾಗುತ್ತವೆ. ಆರ್‌ಜಿಬಿಯಲ್ಲಿ ಅದು ಬರೀ ಕಂಬಿಸಾಲು. ತೆರೆಯ ಮಸುಕನ್ನೇ ಬಣ್ಣದ ಹಾಗೆ ಬಳಸಿಕೊಂಡ ಕಾಲ ಅದು. ತಂತಿ ಶುದ್ಧವಾದಷ್ಟೂ ಚಿತ್ರ ಆಟ ಬರೆದವರು ಎಣಿಸಿದ್ದಕ್ಕೆ ಹತ್ತಿರವಾಗುತ್ತದೆ ಎಂಬುದು ಪ್ರತಿ ಸಲವೂ ನಿಜವಲ್ಲ.

ನಮ್ಮ ಪೆಟ್ಟಿಗೆಯ ಒಳಗೆ

ಈಗ ಅಟ್ಟದ ಪೆಟ್ಟಿಗೆಗೆ ಬರೋಣ. ಫ್ಯಾಮಿಕಾಮಿನ ಚಿತ್ರದ ಚಿಪ್ಪಿನಲ್ಲಿ, ಅದರ ತದ್ರೂಪಿನಲ್ಲೂ, ಆರ್‌ಜಿಬಿ ಎಂಬುದು ಹುಟ್ಟುವುದೇ ಇಲ್ಲ. ಅದು ನೇರವಾಗಿ ಕಾಂಪೊಸಿಟನ್ನೇ ಹೊರಹಾಕುತ್ತದೆ. ಅಸಲಿ ನಿಂಟೆಂಡೋ ಪೆಟ್ಟಿಗೆಗೆ ಒಳಗೊಂದು ಬೋರ್ಡು ಕೂರಿಸಿ ಆರ್‌ಜಿಬಿ ತೆಗೆಯುವವರಿದ್ದಾರೆ. ಹಾಗೆ ತೆಗೆದ ಬಣ್ಣ ಆ ಬೋರ್ಡು ಮಾಡಿದವರು ಆರಿಸಿದ ಬಣ್ಣ. ಆ ಪೆಟ್ಟಿಗೆಯ ‘ನಿಜವಾದ’ ಬಣ್ಣ ಯಾವುದು ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ, ಯಾಕೆಂದರೆ ಅದು ಪ್ರತಿ ಟಿವಿಯಲ್ಲೂ ಬೇರೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ಪಾಲ್ ತದ್ರೂಪಿನ ಬಣ್ಣವಂತೂ ಅದರದೇ. ಅದನ್ನು ದಾಖಲಿಸುವುದೆಂದರೆ ಆ ಕಾಂಪೊಸಿಟನ್ನೇ ಆದಷ್ಟು ಶುದ್ಧವಾಗಿ ಹೊರತೆಗೆಯುವುದು.

ಮೊದಲು ಅಡಾಪ್ಟರು. ಇವು ಸಾಮಾನ್ಯವಾಗಿ 9 ವೋಲ್ಟಿನವು. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂಬುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಾಗುತ್ತದೆ. ಮನೆಯಲ್ಲಿದ್ದ ಯಾವುದೋ ಅಡಾಪ್ಟರು ಸಿಕ್ಕಿಸಿ ಸುಟ್ಟ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ. ಮಲ್ಟಿಮೀಟರಿನಲ್ಲಿ ನೋಡದೆ ಕರೆಂಟು ಕೊಡಬಾರದು. ಮುಚ್ಚಳ ತೆಗೆದರೆ ಒಳಗೆ ತಗಡಿನ ಮೈಯ ಒಂದು ಕ್ರಿಸ್ಟಲ್ ಕಾಣಬಹುದು. ಅದರ ಮೇಲೆ 26.6017 ಎಂದು ಅಚ್ಚಾಗಿದ್ದರೆ ಅದು ಪಾಲ್ ಪೆಟ್ಟಿಗೆ, ನಮ್ಮ ನಿಧಾನದ ಮಾರಿಯೋ ಅಲ್ಲೇ ಇದ್ದಾನೆ. 21.4772 ಎಂದಿದ್ದರೆ ಜಪಾನು–ಅಮೆರಿಕದ ಲೆಕ್ಕದ್ದು. ಆ ಸಂಖ್ಯೆಯ ಫೋಟೊ ತೆಗೆದಿಡುವುದು ವಿಡಿಯೋ ಹಿಡಿಯುವಷ್ಟೇ ಮುಖ್ಯ.

ಆಮೇಲೆ ಕೆಪಾಸಿಟರುಗಳು. ಮೂವತ್ತು ವರ್ಷ ದಾಟಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಒಣಗಿರುತ್ತದೆ, ಇಲ್ಲವೇ ಸೋರಿರುತ್ತದೆ. ಚಿತ್ರದಲ್ಲಿ ಅಡ್ಡಪಟ್ಟೆ ಉರುಳುವುದು, ಧ್ವನಿಯಲ್ಲಿ ಗುಂಯ್ ಎನ್ನುವುದು ಹೆಚ್ಚಿನ ಸಲ ಅಲ್ಲಿಂದಲೇ. ಬೆಲೆ ಕೆಲವೇ ರೂಪಾಯಿ. ಎಲ್ಲವನ್ನೂ ಬದಲಿಸಿಬಿಡುವುದು ಒಳ್ಳೆಯದು. ಬರೀ ಆಂಟೆನಾ ತೂತು ಇರುವ ಪೆಟ್ಟಿಗೆಯಾದರೆ ಮಾಡ್ಯುಲೇಟರಿನ ತಗಡಿನ ಡಬ್ಬಿಗೆ ಹೋಗುವ ಮುಂಚಿನ ಜಾಗದಿಂದ ಸಿಗ್ನಲ್ ತೆಗೆದುಕೊಂಡು, ಒಂದು ಟ್ರಾನ್ಸಿಸ್ಟರಿನ ಬಲ ಕೊಟ್ಟು, ಹಳದಿ ಜಾಕು ಕೂರಿಸಬಹುದು. ಪಾಲ್ ಟಿವಿ ಬಿಚ್ಚಿ ಅಭ್ಯಾಸವಿರುವ ಯಾವ ಮೆಕ್ಯಾನಿಕ್ಕಿಗೂ ಇದು ಗೊತ್ತಿರುವ ಕೆಲಸ. ತಂತಿಯನ್ನು ಚಿಪ್ಪಿನ ಡೇಟಾ ಗೆರೆಗಳ ಮೇಲಿಂದ ಎಳೆದರೆ ಚಿತ್ರದಲ್ಲಿ ಜೈಲು ಕಂಬಿಯಂಥ ನೆಟ್ಟ ಪಟ್ಟೆಗಳು ಬೀಳುತ್ತವೆ. ಆದಷ್ಟು ಗಿಡ್ಡ ತಂತಿ, ಶೀಲ್ಡ್ ಇರುವ ತಂತಿ ಬಳಸಬೇಕು. ಮೂಲ ಮಾಡ್ಯುಲೇಟರನ್ನು ಕಿತ್ತೆಸೆಯಬಾರದು, ಅದೂ ದಾಖಲೆಯ ಭಾಗ.

ಈ ಕೆಲಸ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಬಿಪಿಎಲ್, ಒನಿಡಾ, ವಿಡಿಯೋಕಾನ್ ಕಾಲದಲ್ಲಿ ಪಿಕ್ಚರ್ ಟ್ಯೂಬಿನ ಬಣ್ಣ ಹೊಂದಿಸಿದವರು ಇವತ್ತು ಮೊಬೈಲಿನ ಡಿಸ್‌ಪ್ಲೇ ಬದಲಿಸುತ್ತಿದ್ದಾರೆ, ಇಲ್ಲವೇ ಅಂಗಡಿ ಮುಚ್ಚಿದ್ದಾರೆ. ಆಸಿಲೋಸ್ಕೋಪಿನಲ್ಲಿ ಕಾಂಪೊಸಿಟಿನ ಅಲೆ ನೋಡಿ ‘ಸಿಂಕ್ ವೀಕ್ ಇದೆ’ ಅನ್ನಬಲ್ಲ ಅನುಭವ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಕೆಪಾಸಿಟರು ಹೊಸದು ಸಿಗುತ್ತದೆ, ಆ ಕಣ್ಣು ಹೊಸದು ಸಿಗುವುದಿಲ್ಲ.

ಹಿಡಿದಿಡುವ ವಿಧಾನ

ಒಎಸ್‌ಎಸ್‌ಸಿ ಮತ್ತು ಜಿಬಿಎಸ್ ಬೋರ್ಡುಗಳು ಕಾಂಪೊಸಿಟನ್ನು ತೆಗೆದುಕೊಳ್ಳುವುದಿಲ್ಲ. ನಮ್ಮ ತದ್ರೂಪಿಗೆ ಬೇಕಾದದ್ದು ರೆಟ್ರೋಟಿಂಕ್ 2ಎಕ್ಸ್, 5ಎಕ್ಸ್ ಥರದ ಯಂತ್ರ. ಅವು ಹಳದಿ ಪಿನ್ನನ್ನೂ, ಇಂಟರ್‌ಲೇಸ್ ಅಲ್ಲದ ಚಿತ್ರವನ್ನೂ ಅರಿತು ಎಚ್‌ಡಿಎಂಐ ಕೊಡುತ್ತವೆ. ಅಲ್ಲಿಂದ ಕ್ಯಾಪ್ಚರ್ ಕಾರ್ಡಿನ ಮೂಲಕ ಕಂಪ್ಯೂಟರಿಗೆ. ಒಬಿಎಸ್ ಎಂಬ ಉಚಿತ ತಂತ್ರಾಂಶ ಸಾಕು. ಆದರೆ ಅದನ್ನು ಇದ್ದ ಹಾಗೇ ಬಳಸಬಾರದು. ಅದು ತಾನಾಗಿ ಸೆಕೆಂಡಿಗೆ 30 ಇಲ್ಲವೇ 60 ಚಿತ್ರಕ್ಕೆ ಹೊಂದಿಕೊಂಡಿರುತ್ತದೆ. ನಮ್ಮ ಪೆಟ್ಟಿಗೆಗೆ 50 ಎಂದು ಬದಲಿಸಬೇಕು. 60ರಲ್ಲಿ ಹಿಡಿದರೆ ಐದು ಚಿತ್ರಕ್ಕೊಂದು ಎರಡು ಸಲ ಬಂದು ಓಟ ತೊದಲುತ್ತದೆ. 25ರಲ್ಲಿ ಹಿಡಿದರೆ ಮಿನುಗುವುದೆಲ್ಲ ಹಾಳು. ಯೂಟ್ಯೂಬ್ 2014ರ ಅಕ್ಟೋಬರಿನ ತನಕ 30ಕ್ಕಿಂತ ಹೆಚ್ಚು ತೋರಿಸುತ್ತಲೇ ಇರಲಿಲ್ಲ. ಅದಕ್ಕಿಂತ ಹಿಂದಿನ ಎಲ್ಲ ವಿಡಿಯೋಗಳಲ್ಲೂ ಈ ದೋಷ ಇದೆ.

ಚಿತ್ರವನ್ನು ದೊಡ್ಡದು ಮಾಡುವಾಗ ಪೂರ್ಣ ಸಂಖ್ಯೆಯಲ್ಲಿ ಮಾಡಬೇಕು, ಮೂರು ಪಟ್ಟು, ನಾಲ್ಕು ಪಟ್ಟು. ಎರಡೂವರೆ ಪಟ್ಟು ಮಾಡಿದರೆ ಒಂದು ಚುಕ್ಕಿ ದಪ್ಪ, ಒಂದು ಸಣ್ಣ. ಮೂಲ ಕಡತವನ್ನು ಎಫ್‌ಎಫ್‌ವಿ1 ಥರದ, ಏನನ್ನೂ ಬಿಡದ ರೂಪದಲ್ಲಿ ಇಟ್ಟುಕೊಂಡು, ಹಂಚಲು ಬೇರೆ ಪ್ರತಿ ಮಾಡಬೇಕು.

ಇದಕ್ಕಿಂತ ಆಳದ ವಿಧಾನವೊಂದಿದೆ, ನನಗೆ ಅದರ ಮೇಲೆಯೇ ಹೆಚ್ಚು ಭರವಸೆ. ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಟಿವಿ ನೋಡಲು ಹಿಂದೆ ಪಿಸಿಐ ಟ್ಯೂನರ್ ಕಾರ್ಡು ಹಾಕುತ್ತಿದ್ದೆವು. ಅವುಗಳಲ್ಲಿ ಕಾನೆಕ್ಸಂಟ್ ಕಂಪನಿಯ ಸಿಎಕ್ಸ್ 2388 ಸಾಲಿನ ಚಿಪ್ಪಿದ್ದರೆ, ಸಿಎಕ್ಸ್‌ಎಡಿಸಿ ಎಂಬ ಲಿನಕ್ಸ್ ಡ್ರೈವರ್ ಬಳಸಿ ಆ ಕಾರ್ಡನ್ನು ಬರೀ ಅಳತೆಗೋಲಾಗಿ ಮಾಡಬಹುದು. ಆಗ ಅದು ಬಣ್ಣ ಬಿಡಿಸುವ ಗೋಜಿಗೆ ಹೋಗದೆ ತಂತಿಯ ಅಲೆಯನ್ನೇ ಸೆಕೆಂಡಿಗೆ ಸುಮಾರು 2.86 ಕೋಟಿ ಸಲ ಅಳೆದು ಬರೆದಿಡುತ್ತದೆ. ಒಂದು ಗಂಟೆಗೆ ನೂರು ಗಿಗಾಬೈಟ್ ಮೀರುತ್ತದೆ. ಹಳೆಯ ವಿಎಚ್‌ಎಸ್ ಟೇಪು, ಲೇಸರ್ ಡಿಸ್ಕುಗಳನ್ನು ಉಳಿಸುವವರು ಬೆಳೆಸಿದ ವಿದ್ಯೆ ಇದು. ಅಲೆಯನ್ನು ಚಿತ್ರ ಮಾಡುವ ಕೆಲಸ ಆಮೇಲೆ ತಂತ್ರಾಂಶದ್ದು. ಆ ತಂತ್ರಾಂಶಗಳು ಬರೆದದ್ದು ಟೇಪಿಗಾಗಿ, 312 ಗೆರೆಯ ಆಟದ ಸಿಗ್ನಲ್ಲಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಪರವಾಗಿಲ್ಲ. ಅಲೆ ಉಳಿದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಇವತ್ತಿಗಿಂತ ಚೆನ್ನಾಗಿ ಬಿಡಿಸಬಹುದು. ಪೆಟ್ಟಿಗೆಯೇ ಸತ್ತ ಮೇಲೆ ಯಾವ ತಂತ್ರಾಂಶವೂ ಏನೂ ಮಾಡಲಾರದು.

ಟ್ಯೂಬ್ ಟಿವಿಯ ಮೇಲೆ ಓಡುವುದನ್ನು ಕ್ಯಾಮೆರಾದಲ್ಲೂ ಹಿಡಿಯಬೇಕು. ಶಟರನ್ನು 1/50 ಸೆಕೆಂಡಿಗೆ ಇಟ್ಟರೆ ತೆರೆಯ ಮೇಲೆ ಕಪ್ಪು ಪಟ್ಟೆ ಉರುಳುವುದಿಲ್ಲ. ಮಕ್ಕಳು ಕಂಡದ್ದು ಆ ಗಾಜಿನ ಮೇಲಿನ ಮಾರಿಯೋನನ್ನು ಎಂಬುದು ಮರೆಯಬಾರದು.

ಕಂಪ್ಯೂಟರಿನಲ್ಲೇ ಹಳೆಯ ಪೆಟ್ಟಿಗೆಯ ಹಾಗೆ ನಡೆದುಕೊಳ್ಳುವ ಎಮ್ಯುಲೇಟರ್ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಇಂಥ ಪಾಲ್ ತದ್ರೂಪಿನ ಲೆಕ್ಕವನ್ನು ಅನುಕರಿಸುವ ಎಮ್ಯುಲೇಟರುಗಳು ಇವೆ, ಅದಕ್ಕೆ ‘ಡೆಂಡಿ’ ಎಂದು ಹೆಸರಿಟ್ಟಿದ್ದಾರೆ. ಡೆಂಡಿ ಎಂಬುದು ರಷ್ಯಾದಲ್ಲಿ ಮಾರಾಟವಾದ ತದ್ರೂಪು. ಅಲ್ಲಿಯ ಉತ್ಸಾಹಿಗಳು ತಮ್ಮ ಬಾಲ್ಯದ ಪೆಟ್ಟಿಗೆಯನ್ನು ಬಿಚ್ಚಿ, ಅಳೆದು, ಬರೆದಿಟ್ಟರು. ಆ ಬಗೆಯ ಪೆಟ್ಟಿಗೆಗಳಿಗೆಲ್ಲ ಅವರ ಹೆಸರೇ ನಿಂತಿತು. ಹಳೆಯ ಆಟಗಳನ್ನು ಉಳಿಸುವ ವಿಷಯದಲ್ಲಿ ಅಮೆರಿಕದ ಸ್ಥಿತಿಯೂ ನೆಮ್ಮದಿಯದಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅಲ್ಲಿ 2010ಕ್ಕಿಂತ ಮುಂಚೆ ಬಂದ ಆಟಗಳಲ್ಲಿ ಶೇ 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಅಧಿಕೃತವಾಗಿ ಮಾರಿದ ಆಟಗಳ ಗತಿಯೇ ಹೀಗಿರುವಾಗ, ಮೇಲೆ ‘9999999 ಇನ್ 1’ ಎಂದು ಅಚ್ಚು ಹಾಕಿ ಒಳಗೆ ಹಿಡಿಯಷ್ಟು ಆಟಗಳನ್ನೇ ಹೆಸರು ಬದಲಿಸಿ ಬದಲಿಸಿ ತುಂಬಿದ ಕ್ಯಾಸೆಟ್ಟನ್ನು ಯಾರು ಕಾಯುತ್ತಾರೆ? ಆ ಕ್ಯಾಸೆಟ್ಟಿನ ಮೆನು, ಅದರ ರಾಗ, ತಪ್ಪು ಸ್ಪೆಲ್ಲಿಂಗಿನ ಆಟದ ಹೆಸರುಗಳು, ಇವು ಯಾವ ಕಂಪನಿಯ ಭಂಡಾರದಲ್ಲೂ ಇಲ್ಲ. ಮಕ್ಕಳು ಕರೆಂಟು ಹಾಕಿದೊಡನೆ ಮೊದಲು ಕಂಡದ್ದು ಅವನ್ನೇ.

ಇದನ್ನು ಓದುತ್ತಿರುವವರಲ್ಲಿ ಯಾರದಾದರೂ ಮನೆಯಲ್ಲಿ, ಮೊಹಲ್ಲಾದಲ್ಲಾಗಲಿ ಮಂಡ್ಯ, ಹಾಸನ, ಹುಬ್ಬಳ್ಳಿಯಲ್ಲಾಗಲಿ, ಅಂಥ ಪೆಟ್ಟಿಗೆ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಳೆಯ ಟ್ಯೂಬ್ ಟಿವಿ ಇನ್ನೂ ಓಡುತ್ತಿದ್ದರೆ ಅದನ್ನೂ ಕೊಡಬೇಡಿ. ಹಳೆಯ ಅಡಾಪ್ಟರು ಸಿಕ್ಕಿತೆಂದು ಅವಸರದಲ್ಲಿ ಸಿಕ್ಕಿಸಿ ನೋಡಲೂ ಬೇಡಿ. ಮೊದಲು ಹತ್ತಿರದ ಮೆಕ್ಯಾನಿಕ್ಕಿಗೆ ತೋರಿಸಿ. ಯಾವ ವರ್ಷ, ಯಾವ ಅಂಗಡಿಯಲ್ಲಿ, ಎಷ್ಟಕ್ಕೆ ಕೊಂಡದ್ದು, ಯಾರು ಯಾರು ಆಡಿದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಜೊತೆ ಇಡಿ. ನಂತರ ಒಮ್ಮೆಯಾದರೂ, 50ರ ಲೆಕ್ಕದಲ್ಲಿ, ಹಳದಿ ಪಿನ್ನಿನಿಂದ ಚೊಕ್ಕವಾಗಿ ರೆಕಾರ್ಡ್ ಮಾಡಿಕೊಳ್ಳಿ.